ಮೂಗಿಗಿಂತ ಮೂಗುತಿ ಭಾರ

ಅಮೆರಿಕದ ಯಾವುದೋ ಒಂದು ಊರಿನ ಮನೆಯ ಗ್ಯಾರೇಜನ್ನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಿ. ಬಾನೆಟ್ ಇಲ್ಲದ, ಬಣ್ಣ ಕಾಣದ 1930ರ ದಶಕದ ಫೋರ್ಡ್ ಕಾರೊಂದು ಅಲ್ಲಿ ನಿಂತಿದೆ. ಅದರ ಒಡಲಿಗೆ ಗುಜರಿಯಿಂದ ತಂದ ಎಂಟು ಸಿಲಿಂಡರುಗಳ ಎಂಜಿನ್ನನ್ನು ಇಳಿಸಿದ್ದಾಗಿದೆ. ಪಕ್ಕದ ಮೇಜಿನ ಮೇಲೆ ಊಟದ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ. ಅದರಿಂದ ಹೊರಟ ಬಣ್ಣ ಬಣ್ಣದ ತಂತಿಗಳ ಜಡೆ. ಕಾರಿನ ಯಜಮಾನ ಕಾಗದದ ಮೇಲೆ ಖರ್ಚು ಕೂಡುತ್ತಿದ್ದಾನೆ. ಎಂಜಿನ್ನಿಗೆ ಇಷ್ಟು, ಆ ಪೆಟ್ಟಿಗೆ, ಅದರ ತಂತಿ, ಅದರ ಸಂವೇದಕಗಳಿಗೆ ಅಷ್ಟು. ಕೂಡಿ ನೋಡಿದರೆ ಎಂಜಿನ್ನಿಗಿಂತ ಅದನ್ನು ಆಡಿಸುವ ಎಲೆಕ್ಟ್ರಾನಿಕ್ಸಿಗೇ ಹೆಚ್ಚು ಹಣ! ನಮ್ಮ ಹಿರಿಯರು ಇಂಥದ್ದಕ್ಕೇ ‘ಮೂಗಿಗಿಂತ ಮೂಗುತಿ ಭಾರ’ ಎಂದರು.

ಇದು ಒಬ್ಬನ ಗ್ಯಾರೇಜಿನ ಕಥೆಯಲ್ಲ. ಹಳೆಯ ಕಾರಿಗೆ ಹೊಸ ಕಸುವು ತುಂಬುವ ‘ಹಾಟ್ ರಾಡಿಂಗ್’ ಎಂಬ ಹವ್ಯಾಸದಲ್ಲಿ ಈ ದೂರು ಸಾಮಾನ್ಯ. ಅಮೆರಿಕದವರ ಕಾರಿನ ಹುಚ್ಚು ನಮ್ಮ ಮಕ್ಕಳಿಗೇಕೆ ಎಂದು ತಂದೆತಾಯಿ ಕೇಳಬಹುದು. ಆದರೆ ಈ ಖರ್ಚಿನ ಲೆಕ್ಕದೊಳಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಅಡಗಿವೆ. ಜೊತೆಗೆ ಒಂದು ದೊಡ್ಡ ಪ್ರಶ್ನೆಯೂ ಇದೆ: ಯಂತ್ರ ಜಾಣವಾದಾಗ ಅದನ್ನು ಇಟ್ಟುಕೊಂಡವನೂ ಜಾಣನಾಗುತ್ತಾನೆಯೇ, ಅಥವಾ ಬರಿಯ ಹಣ ತೆರುವವನಾಗುತ್ತಾನೆಯೇ?

ಕಾಸಿಲ್ಲದವರ ಪ್ರಯೋಗಶಾಲೆ

ಹಾಟ್ ರಾಡ್ ಬೆಳೆದದ್ದು 1930ರ ದಶಕದಲ್ಲಿ, ಅಮೆರಿಕದ ಪಶ್ಚಿಮ ಅಂಚಿನ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್ ನಗರದಿಂದ ಬೆಟ್ಟಸಾಲು ದಾಟಿದರೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳಿವೆ. ನೀರು ಬತ್ತಿ ಗಟ್ಟಿಯಾದ ಆ ಕೆರೆಯಂಗಳ ಮೈಲಿಗಟ್ಟಲೆ ಚಪ್ಪಟೆ. ವೇಗದ ಹುಚ್ಚಿಗೆ ಹೇಳಿ ಮಾಡಿಸಿದ ಜಾಗ. ಕೈಯಲ್ಲಿ ಹೆಚ್ಚು ಕಾಸಿಲ್ಲದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು, ಮೇಲ್ಚಾವಣಿ ಎಲ್ಲ ಕಿತ್ತು ತೂಕ ಇಳಿಸಿ, ವಾರದ ಕೊನೆಗೆ ಅಲ್ಲಿಗೆ ಒಯ್ದು ಓಡಿಸುತ್ತಿದ್ದರು.

ಹಳೆಯ ಕಾರುಗಳಿಗೆ ಬರವಿರಲಿಲ್ಲ. 1908ರಿಂದ 1927ರವರೆಗೆ ಫೋರ್ಡ್ ಕಂಪನಿ ಒಂದೂವರೆ ಕೋಟಿಗೂ ಮಿಕ್ಕಿ ‘ಮಾಡೆಲ್ ಟಿ’ ಕಾರುಗಳನ್ನು ತಯಾರಿಸಿತ್ತು. 1932ರಲ್ಲಿ ಅದೇ ಕಂಪನಿ ಸಾಮಾನ್ಯರ ಕೈಗೆಟುಕುವ ಕಾರಿನಲ್ಲಿ 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಕೂರಿಸಿತು. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಸಾಲಾಗಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ನಿಂತಿರುವುದರಿಂದ ಅದಕ್ಕೆ ಆ ಹೆಸರು. 1937ರಲ್ಲಿ ಈ ಹುಡುಗರ ಕ್ಲಬ್ಬುಗಳೆಲ್ಲ ಸೇರಿ ‘ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್’ ಕಟ್ಟಿಕೊಂಡರು. ವೇಗವನ್ನು ಬಾಯಿಮಾತಿನಲ್ಲಿ ಹೇಳದೆ ಅಳೆದು ತೋರಿಸಬೇಕು ಎಂಬುದು ಆ ಹೆಸರಿನಲ್ಲೇ ಇದೆ. ವಿಕ್ ಎಡೆಲ್‌ಬ್ರಾಕ್ ಎಂಬ ಮೆಕ್ಯಾನಿಕ್ 1932ರ ತನ್ನ ಫೋರ್ಡಿಗೆ ಗಾಳಿ ಚೆನ್ನಾಗಿ ಹರಿಯಲೆಂದು ಹೊಸ ಮ್ಯಾನಿಫೋಲ್ಡ್ ಮಾಡಿಕೊಂಡ. ಇತರರೂ ಅದನ್ನು ಕೇಳತೊಡಗಿದರು. ಅದೇ ಮುಂದೆ ದೊಡ್ಡ ಕಂಪನಿಯಾಯಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಪತ್ರಿಕೆಯೇ ಹೊರಬಂತು. 1955ರಲ್ಲಿ ಷೆವ್ರೊಲೆ ಕಂಪನಿಯ ಚಿಕ್ಕ, ಹಗುರ ವಿ-8 ಎಂಜಿನ್ನು ಬಂದ ಮೇಲೆ ಈ ಹವ್ಯಾಸಕ್ಕೆ ಹೊಸ ಉಸಿರು ಬಂತು.

ಇಲ್ಲಿ ಗಮನಿಸಬೇಕಾದ ಸಂಗತಿ ವೇಗವಲ್ಲ. ಕಾಲೇಜು ಮೆಟ್ಟಿಲು ಹತ್ತದ ಎಷ್ಟೋ ಹುಡುಗರಿಗೆ ಗುಜರಿಯೇ ಅಂಗಡಿ, ಗ್ಯಾರೇಜೇ ಪ್ರಯೋಗಶಾಲೆ, ಕೆರೆಯಂಗಳವೇ ಪರೀಕ್ಷೆಯ ಕೊಠಡಿಯಾಗಿತ್ತು. ಬಿಚ್ಚಿ ನೋಡು, ಬದಲಿಸಿ ನೋಡು, ಓಡಿಸಿ ನೋಡು. ವಿಜ್ಞಾನದ ಪಾಠವೂ ಇದೇ ಅಲ್ಲವೇ?

ಕಿವಿಯೇ ಮಾಪಕ

ಆಗಿನ ಎಂಜಿನ್ನಿಗೂ ಒಂದು ‘ಮಿದುಳು’ ಇತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಅದರಲ್ಲಿ ಎರಡು ಭಾಗ. ಒಂದು ಕಾರ್ಬ್ಯುರೇಟರ್, ಇನ್ನೊಂದು ಡಿಸ್ಟ್ರಿಬ್ಯೂಟರ್.

ಕಾರ್ಬ್ಯುರೇಟರಿನ ಒಳಗೆ ನಡು ಸಣ್ಣಗಾದ ಒಂದು ಕೊಳವೆ ಇರುತ್ತದೆ. ಸಣ್ಣ ಜಾಗದಲ್ಲಿ ಗಾಳಿ ವೇಗವಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕುಗ್ಗುತ್ತದೆ. ಕುಗ್ಗಿದ ಒತ್ತಡ ಪುಟ್ಟ ರಂಧ್ರದ ಮೂಲಕ ಪೆಟ್ರೋಲನ್ನು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಪಾಠಪುಸ್ತಕದ ಬರ್ನೂಲಿ ತತ್ವ ಅಂದರೆ ಇದೇ. ಆ ರಂಧ್ರಕ್ಕೆ ‘ಜೆಟ್’ ಎಂದು ಹೆಸರು. ಪೆಟ್ರೋಲು ಹೆಚ್ಚು ಬೇಕೆ? ಜೆಟ್ ಬಿಚ್ಚಿ ಕೊಂಚ ದೊಡ್ಡ ರಂಧ್ರದ ಇನ್ನೊಂದನ್ನು ಹಾಕಿದರಾಯಿತು. ಆ ಹಿತ್ತಾಳೆಯ ತುಣುಕಿಗೆ ಬಿಡಿಗಾಸು.

ಇನ್ನು ಡಿಸ್ಟ್ರಿಬ್ಯೂಟರಿನ ಕೆಲಸ ಕಿಡಿ ಹಂಚುವುದು. 1910ರ ಸುಮಾರಿಗೆ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ರೂಪಿಸಿದ ಈ ಏರ್ಪಾಡಿನಲ್ಲಿ ತಿರುಗುವ ಒಂದು ಮೂಲೆಗಂಬಿ, ಅದಕ್ಕೆ ಒರಗಿ ತೆರೆದು ಮುಚ್ಚುವ ‘ಪಾಯಿಂಟು’, ಒಂದು ಕಾಯಿಲ್, ಒಂದು ಕಂಡೆನ್ಸರ್. ಪಾಯಿಂಟು ತೆರೆದ ಕ್ಷಣ ಕಾಯಿಲಿನಲ್ಲಿ ಹರಿಯುತ್ತಿದ್ದ ವಿದ್ಯುತ್ತು ಥಟ್ಟನೆ ನಿಂತು, ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ವೇಗ ಹೆಚ್ಚಿದಂತೆ ಕಿಡಿ ಸ್ವಲ್ಪ ಮುಂಚಿತವಾಗಿ ಹಾರಬೇಕು. ಅದಕ್ಕಾಗಿ ಒಳಗೆ ಎರಡು ಪುಟ್ಟ ತೂಕಗಳು, ಎರಡು ಸ್ಪ್ರಿಂಗುಗಳು. ತಿರುಗುವಾಗ ತೂಕಗಳು ಹೊರಕ್ಕೆ ಸರಿದು ಕಿಡಿಯ ಗಳಿಗೆಯನ್ನು ಹಿಂದಕ್ಕೆಳೆಯುತ್ತವೆ.

ಇವೆರಡನ್ನೂ ಸರಿಪಡಿಸಲು ಬೇಕಾದದ್ದು ಸ್ಕ್ರೂಡ್ರೈವರು, ಎರಡು ಸ್ಪ್ಯಾನರು, ಸಂದಿಯನ್ನು ಅಳೆಯುವ ತೆಳು ತಗಡುಗಳ ಒಂದು ಕಟ್ಟು. ಉಳಿದದ್ದನ್ನು ಕಿವಿ, ಮೂಗು ನೋಡಿಕೊಳ್ಳುತ್ತಿದ್ದವು. ಒಳ್ಳೆಯ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಪ್ಲಗ್ಗು ಬಿಚ್ಚಿ ಅದರ ತುದಿಯ ಬಣ್ಣ ನೋಡಿ ಪೆಟ್ರೋಲು ಹೆಚ್ಚೋ ಕಡಿಮೆಯೋ ಅನ್ನುತ್ತಿದ್ದ. ನಮ್ಮ ಊರುಗಳಲ್ಲೂ ಅಂಥವರು ಮರದ ನೆರಳಿನಲ್ಲಿ ಕೂತು ಸ್ಕೂಟರು ರಿಪೇರಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು.

ಅನಾನಸಿನ ವಿಜ್ಞಾನಿಯ ಪತ್ತೆ

ಹಾಗಿದ್ದರೆ ಇಷ್ಟು ಸರಳ, ಅಗ್ಗದ ಏರ್ಪಾಡನ್ನು ಬಿಟ್ಟುಕೊಟ್ಟಿದ್ದೇಕೆ? ಉತ್ತರ ಸಿಗುವುದು ಹಾಟ್ ರಾಡಿನ ತವರಾದ ಅದೇ ಲಾಸ್ ಏಂಜಲೀಸಿನಲ್ಲಿ!

1940ರ ದಶಕದಿಂದ ಆ ನಗರದ ಮೇಲೆ ಕಣ್ಣುರಿಸುವ ಕಂದು ಮಬ್ಬು ಕವಿಯತೊಡಗಿತ್ತು. ಕಾರ್ಖಾನೆಗಳ ಹೊಗೆಯೇ ಕಾರಣವೆಂದು ಬಹಳ ಮಂದಿ ನಂಬಿದ್ದರು. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅನಾನಸಿನ ಪರಿಮಳದ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದ ಡಚ್ ಮೂಲದ ವಿಜ್ಞಾನಿ ಏರಿ ಹಾಗನ್-ಸ್ಮಿಟ್ ಅದೇ ಉಪಕರಣಗಳಿಂದ ಊರಿನ ಗಾಳಿಯನ್ನು ಪರೀಕ್ಷಿಸಿದರು. ಸರಿಯಾಗಿ ಉರಿಯದ ಪೆಟ್ರೋಲಿನ ಆವಿ ಮತ್ತು ನೈಟ್ರೊಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಜೋನ್ ಹುಟ್ಟುತ್ತದೆ, ಮಬ್ಬಿಗೆ ಮೂಲ ಮೋಟಾರು ವಾಹನ ಮತ್ತು ತೈಲ ಉದ್ಯಮ ಎಂದು 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟರು.

1970ರಲ್ಲಿ ಅಮೆರಿಕದ ಸಂಸತ್ತು ಗಾಳಿಯ ಶುದ್ಧತೆಯ ಕಾನೂನನ್ನು ಬಿಗಿಗೊಳಿಸಿತು. 1975ರ ಮಾದರಿಯ ಕಾರುಗಳಿಂದ ಹೊಗೆಕೊಳವೆಗೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ವೇಗವರ್ಧಕದ ಗೂಡು ಬಂತು. ಮೂರು ಬಗೆಯ ವಿಷವನ್ನೂ ಒಟ್ಟಿಗೆ ತೊಳೆಯುವ ಸುಧಾರಿತ ಗೂಡಿಗೆ ಒಂದು ಹಟವಿತ್ತು. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ; ಅತ್ತಿತ್ತ ಕದಲಿದರೆ ಅದು ತನ್ನ ಕೆಲಸ ಸರಿಯಾಗಿ ಮಾಡದು. ಚಳಿಯಲ್ಲಿ, ಬಿಸಿಲಿನಲ್ಲಿ, ಏರಿನಲ್ಲಿ, ಇಳಿಜಾರಿನಲ್ಲಿ ಈ ಪ್ರಮಾಣವನ್ನು ಬಿಡದೆ ಹಿಡಿಯುವುದು ಹಿತ್ತಾಳೆಯ ರಂಧ್ರಕ್ಕೆ ಸಾಧ್ಯವೇ? ಹಾಗಾಗಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ ನೋಡುವ ಜಿರ್ಕೋನಿಯಾ ಸಂವೇದಕ ಬಂತು. ವೋಲ್ವೊ ಕಂಪನಿ 1976ರಲ್ಲಿ ಅದನ್ನು ಕಾರಿಗೆ ಅಳವಡಿಸಿತು. ಅದರ ಮಾತು ಕೇಳಿ ಪೆಟ್ರೋಲಿನ ಹನಿ ಎಣಿಸುವ ಗಣಕ ಬಂತು. 1996ರಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳೆಲ್ಲ ತಮ್ಮ ದೋಷವನ್ನು ತಾವೇ ಗುರುತಿಸಿ ಹೇಳಬೇಕೆಂಬ ನಿಯಮವೂ ಬಂತು.

ಇದರಿಂದಾದ ಒಳಿತನ್ನು ಮರೆಯಬಾರದು. ಬೆಳಗಿನ ಚಳಿಯಲ್ಲೂ ಎಂಜಿನ್ನು ಒಂದೇ ಸಲಕ್ಕೆ ಎದ್ದು ಕೂತಿತು, ಪೆಟ್ರೋಲು ಉಳಿಯಿತು, ಗಾಳಿ ತಿಳಿಯಾಯಿತು. ಮಕ್ಕಳ ಶ್ವಾಸಕೋಶದ ಮುಂದೆ ಹವ್ಯಾಸದ ಸುಖ ದೊಡ್ಡದಲ್ಲ.

ಸೆಕೆಂಡಿಗೆ 400 ಕಿಡಿ

ಆ ಪೆಟ್ಟಿಗೆಯ ಹೆಸರು ಎಂಜಿನ್ ಕಂಟ್ರೋಲ್ ಯೂನಿಟ್, ಚಿಕ್ಕದಾಗಿ ಇ.ಸಿ.ಯು. ಅದು ಮಾಡುವ ಕೆಲಸವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ತಾವೇ ಮಾಡಿ ನೋಡಬಹುದು.

ಎಂಟು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎನ್ನಿ. ಸೆಕೆಂಡಿಗೆ 100 ಸುತ್ತು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ಹಾಗಾದರೆ ಸುತ್ತಿಗೆ ನಾಲ್ಕು ಕಿಡಿ, ಸೆಕೆಂಡಿಗೆ 400 ಕಿಡಿ! ಒಂದು ಸುತ್ತಿಗೆ ಹಿಡಿಯುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗ. ಅದನ್ನು 360 ಡಿಗ್ರಿಗಳಿಗೆ ಹಂಚಿದರೆ ಒಂದು ಡಿಗ್ರಿ ತಿರುಗಲು ಸುಮಾರು 28 ಮೈಕ್ರೊಸೆಕೆಂಡು. ಕಿಡಿ ಐದು ಡಿಗ್ರಿ ಮುಂಚೆ ಹಾರಿದರೂ ಎಂಜಿನ್ನಿಗೆ ಅಪಾಯ ಬರಬಹುದು.

ಇನ್ನು ಪೆಟ್ರೋಲು. ಎಷ್ಟು ಸುರಿಯಬೇಕೆಂದು ತಿಳಿಯಲು ಒಳಗೆ ಬಂದ ಗಾಳಿಯ ತೂಕ ಗೊತ್ತಿರಬೇಕು. ಪಿ.ಯು.ಸಿ.ಯಲ್ಲಿ ಓದುವ ಆದರ್ಶ ಅನಿಲ ಸಮೀಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿಲಿಂಡರಿನ ಗಾತ್ರ ಗೊತ್ತು. ಒತ್ತಡವನ್ನೂ ಉಷ್ಣತೆಯನ್ನೂ ಸಂವೇದಕಗಳು ಹೇಳುತ್ತವೆ. ಗಾಳಿಯ ಪ್ರಮಾಣ ತಾನಾಗಿ ಸಿಗುತ್ತದೆ. 5.7 ಲೀಟರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ಪಾಲು ಸುಮಾರು 0.71 ಲೀಟರು. ಸಾಮಾನ್ಯ ಒತ್ತಡ, 25 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಅಷ್ಟು ಗಾಳಿಯ ತೂಕ ಸುಮಾರು 0.84 ಗ್ರಾಂ. ಅದನ್ನು 14.7ರಿಂದ ಭಾಗಿಸಿದರೆ 0.057 ಗ್ರಾಂ, ಅಂದರೆ 57 ಮಿಲಿಗ್ರಾಂ ಪೆಟ್ರೋಲು. ಇಷ್ಟನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದೊಳಗೆ ಚಿಮ್ಮಿಸಿ ಮುಗಿಸಬೇಕು, ಮತ್ತೆ ಶುರು ಮಾಡಬೇಕು.

ಸಮೀಕರಣ ಎಲ್ಲರದು, ಅದಕ್ಕೆ ಬೆಲೆಯಿಲ್ಲ. ತೊಡಕಿರುವುದು ಬೇರೆ ಕಡೆ. ಸಿಲಿಂಡರಿಗೆ ಗಾಳಿ ಪೂರ್ತಿ ತುಂಬುವುದೇ ಅಪರೂಪ. ಕವಾಟದ ಆಕಾರ, ಕೊಳವೆಯ ಉದ್ದ, ಸುತ್ತುವ ವೇಗ ಇವನ್ನವಲಂಬಿಸಿ ಒಮ್ಮೆ ನೂರಕ್ಕೆ 60, ಇನ್ನೊಮ್ಮೆ ನೂರಕ್ಕೆ 90. ಒಬ್ಬೊಬ್ಬರ ಉಸಿರಾಟ ಒಂದೊಂದು ಬಗೆ ಇರುವಂತೆ ಒಂದೊಂದು ಎಂಜಿನ್ನಿನದೂ ಒಂದೊಂದು ಬಗೆ. ಆದ್ದರಿಂದ ಗಣಕದೊಳಗೆ ಒಂದು ಕೋಷ್ಟಕ ಇಡುತ್ತಾರೆ. ಅಡ್ಡಕ್ಕೆ 16 ವೇಗಗಳು, ಉದ್ದಕ್ಕೆ 16 ಒತ್ತಡಗಳು ಎಂದರೆ 256 ಮನೆಗಳು, ಮನೆಗೊಂದು ಅಂಕಿ. ಕಿಡಿಯ ಗಳಿಗೆಗೂ ಇಂಥದೇ ಇನ್ನೊಂದು. 2,000 ಸುತ್ತಿಗೆ 20 ಡಿಗ್ರಿ, 2,500 ಸುತ್ತಿಗೆ 24 ಡಿಗ್ರಿ ಎಂದು ಬರೆದಿದ್ದರೆ, 2,250 ಸುತ್ತಿನಲ್ಲಿ ಗಣಕ ನಡುವಿನ 22ನ್ನು ತಾನೇ ಲೆಕ್ಕ ಹಾಕುತ್ತದೆ. ಆದರೆ ಮನೆಗಳಲ್ಲಿ ತುಂಬುವ ಅಂಕಿಗಳು ಎಲ್ಲಿಂದ ಬರಬೇಕು? ಎಂಜಿನ್ನನ್ನು ಓಡಿಸಿ, ಅಳೆದು, ತಿದ್ದಿ, ಮತ್ತೆ ಓಡಿಸಿ ಪಡೆಯಬೇಕು. ದುಬಾರಿಯ ಗುಟ್ಟು ಈ 256 ಮನೆಗಳಲ್ಲಿದೆ.

ಹಣ ಹೋಗುವ ದಾರಿಗಳು

ಕಾರು ಕಂಪನಿಗಳೂ ಇದೇ ಪೆಟ್ಟಿಗೆ ಹಾಕುತ್ತವೆ, ಅವರಿಗೆ ಮಾತ್ರ ಹೇಗೆ ಅಗ್ಗ ಎಂದು ಕೇಳಬಹುದು. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಒಂದು ಇ.ಸಿ.ಯು. ವಿನ್ಯಾಸಕ್ಕೆ, ಅದರ ಪ್ರೋಗ್ರಾಮು ಬರೆಯಲು 20 ಲಕ್ಷ ಡಾಲರು ತಗಲಿತು ಎನ್ನಿ. ಹತ್ತು ಲಕ್ಷ ಕಾರುಗಳಿಗೆ ಹಂಚಿದರೆ ತಲೆಗೆ ಎರಡೇ ಡಾಲರು. ಹವ್ಯಾಸಿಗಳಿಗಾಗಿ ಐದು ಸಾವಿರ ಪೆಟ್ಟಿಗೆ ಮಾರುವ ಸಣ್ಣ ಕಂಪನಿಗೆ ತಲೆಗೆ 400 ಡಾಲರು! ಚಿಪ್ಪು ಒಂದೇ, ಬೆಲೆ ಬೇರೆ.

ಚಿಪ್ಪುಗಳೂ ಸಾಮಾನ್ಯದವಲ್ಲ. ಮನೆಯ ಗಣಕ ನೆರಳಿನಲ್ಲಿ ಕೂತಿರುತ್ತದೆ. ಎಂಜಿನ್ನಿನ ಪಕ್ಕದ ಚಿಪ್ಪು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 125 ಡಿಗ್ರಿಯ ಕಾವಿನವರೆಗೆ ತಡೆದುಕೊಳ್ಳಬೇಕು. ನಡುಕ, ಎಣ್ಣೆ, ನೀರು, ಪಕ್ಕದಲ್ಲೇ ಹಾರುವ ಕಿಡಿಯ ವಿದ್ಯುತ್ ಗದ್ದಲ ಎಲ್ಲವನ್ನೂ ಸಹಿಸಬೇಕು. 2020ರಿಂದ 2022ರವರೆಗೆ ಲೋಕವೆಲ್ಲ ಚಿಪ್ಪಿನ ಬರ ಕಂಡಿತು. ದೊಡ್ಡ ಕಾರು ಕಂಪನಿಗಳೇ ಸಾಲಿನಲ್ಲಿ ಕಾದಿದ್ದಾಗ ಸಣ್ಣವರ ಪಾಡು ಕೇಳಬೇಕೆ?

ಪೆಟ್ಟಿಗೆ ಕೊಂಡರೆ ಮುಗಿಯದು. ಕಾರ್ಬ್ಯುರೇಟರಿಗೆ ಪೆಟ್ರೋಲು ಚದರ ಅಂಗುಲಕ್ಕೆ ಆರು ಪೌಂಡಿನಷ್ಟು ಒತ್ತಡದಲ್ಲಿ ಬಂದರೆ ಸಾಕಿತ್ತು. 1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದು ಇಂದಿನ ಹಾಟ್ ರಾಡ್ ಹುಡುಗರ ಮೆಚ್ಚಿನದಾದ ‘ಎಲ್.ಎಸ್.’ ಎಂಜಿನ್ನಿಗೆ 58 ಪೌಂಡು ಬೇಕು. ಹಾಗಾಗಿ ಹೊಸ ಪಂಪು, ಹೊಸ ಕೊಳವೆ, ಎಷ್ಟೋ ಸಲ ಹೊಸ ಟ್ಯಾಂಕು. ಸಿಲಿಂಡರಿಗೊಂದರಂತೆ ಎಂಟು ಕಾಯಿಲು, ಎಂಟು ಇಂಜೆಕ್ಟರು. ಸುತ್ತು ಎಣಿಸಲು ಒಂದು ಸಂವೇದಕ, ಕವಾಟದ ಸ್ಥಾನಕ್ಕೆ ಒಂದು, ಒತ್ತಡಕ್ಕೆ, ಗಾಳಿಯ ಕಾವಿಗೆ, ನೀರಿನ ಕಾವಿಗೆ, ಆಮ್ಲಜನಕಕ್ಕೆ ಒಂದೊಂದು. ಆಕ್ಸಿಲರೇಟರಿನ ತಂತಿ ಹೋಗಿ ಅಲ್ಲಿಯೂ ಒಂದು ಮೋಟಾರು ಬಂತು. 2014ರ ಮಾದರಿಯ ಕಾರ್ವೆಟ್ಟಿನ ಎಂಜಿನ್ನಿನಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮುತ್ತದೆ. ಅದನ್ನು ಆಳಲು ಇನ್ನೂ ಬಲವಾದ ಎಲೆಕ್ಟ್ರಾನಿಕ್ಸ್ ಬೇಕು.

ಇಲ್ಲೊಂದು ವಿಚಿತ್ರವಿದೆ. ಪೆಟ್ಟಿಗೆಯನ್ನೇ ತೂಗಿ ನೋಡಿದರೆ ಅದು ದುಬಾರಿಯಾಗಿಲ್ಲ. ಹಿಂದೆ ಪಂದ್ಯದ ಕಾರುಗಳಿಗೆ ಮಾತ್ರ ಸಿಗುತ್ತಿದ್ದ ಸೌಕರ್ಯ ಕಳೆದ ದಶಕದಲ್ಲಿ ಸಾವಿರ ಡಾಲರಿನ ಆಸುಪಾಸಿಗೆ ಇಳಿಯಿತು. ಓಡುತ್ತಾ ಓಡುತ್ತಾ ತನ್ನ ಕೋಷ್ಟಕವನ್ನು ತಾನೇ ತಿದ್ದಿಕೊಳ್ಳುವ ಪೆಟ್ಟಿಗೆಗಳೂ ಬಂದವು. ಆದರೆ ಎಂಜಿನ್ನುಗಳು ಕೇಳುವುದೂ ಹೆಚ್ಚಿತು. ಪೆಟ್ಟಿಗೆ ಅಗ್ಗವಾಯಿತು, ಪಟ್ಟಿ ಉದ್ದವಾಯಿತು. ಒಟ್ಟು ಬಿಲ್ಲು ಏರಿದ್ದು ಹೀಗೆ.

ಪಟ್ಟಿಯ ಕೊನೆಗೆ ಎರಡು ದೊಡ್ಡ ಬಾಬತ್ತುಗಳಿವೆ. ಒಂದು ಆ 256 ಮನೆ ತುಂಬುವವನ ಕೂಲಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಶಕ್ತಿ ಅಳೆಯುವ ಡೈನಮೊಮೀಟರಿಗೆ, ಪಕ್ಕದಲ್ಲಿ ಕೂತ ಪರಿಣತನಿಗೆ, ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕು. ಇನ್ನೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1975ರ ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಲ್ಲ. ಹೊಸ ಕಾರಿಗೆ ಹಾಕುವ ಬಿಡಿಭಾಗವಾದರೆ ಅದು ಹೊಗೆಯನ್ನು ಹೆಚ್ಚಿಸುವುದಿಲ್ಲವೆಂದು ಪರೀಕ್ಷೆಯಿಂದ ತೋರಿಸಿ ಸರಕಾರದ ಮಂಜೂರಾತಿ ಸಂಖ್ಯೆ ಪಡೆಯಬೇಕು. ಹೊಗೆ ನಿಯಂತ್ರಣವನ್ನು ಕೆಡಿಸುವ ಸಾಧನಗಳನ್ನು ತಡೆಯುವುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಿಂದ ತನ್ನ ಮುಖ್ಯ ಕಾರ್ಯಕ್ರಮಗಳಲ್ಲಿ ಒಂದಾಗಿಸಿಕೊಂಡಿತು. ಪರೀಕ್ಷೆಯ ಖರ್ಚೂ ಕೊನೆಗೆ ಸೇರುವುದು ಬೆಲೆಗೇ.

ಬೀಗ ಮತ್ತು ಬೀಗದಕೈ

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾರ್ಬ್ಯುರೇಟರನ್ನು ಬಿಚ್ಚಿದರೆ ಒಳಗೇನಿದೆ ಎಂದು ಕಾಣುತ್ತಿತ್ತು. ಇ.ಸಿ.ಯು. ಬಿಚ್ಚಿದರೆ ಹಸಿರು ಹಲಗೆ, ಕಪ್ಪು ಚಿಪ್ಪು. ವಿದ್ಯೆ ಇರುವುದು ಪ್ರೋಗ್ರಾಮಿನಲ್ಲಿ. ಪ್ರೋಗ್ರಾಮಿಗೆ ಕಂಪನಿಯ ಬೀಗ. ಕೊಂಡವನು ಕಾರಿಗೆ ಒಡೆಯ, ಅದರ ಮಿದುಳಿಗೆ ಅಲ್ಲ ಎಂಬಂತಾಯಿತು. ಈ ಬಗ್ಗೆ ಅಮೆರಿಕದಲ್ಲಿ ದೊಡ್ಡ ವಾದವೇ ನಡೆದು, ದುರಸ್ತಿಗೂ ಕಾನೂನುಬದ್ಧ ಮಾರ್ಪಾಟಿಗೂ ವಾಹನದ ಪ್ರೋಗ್ರಾಮನ್ನು ತೆರೆದು ನೋಡಲು ಮಾಲೀಕನಿಗೆ 2015ರಲ್ಲಿ ಕೃತಿಸ್ವಾಮ್ಯ ಕಾನೂನಿನಿಂದ ವಿನಾಯಿತಿ ಸಿಕ್ಕಿತು. ಅನುಮತಿ ಸಿಕ್ಕಿತು ನಿಜ. ತೆರೆಯುವ ವಿದ್ಯೆಯನ್ನು ಕಾನೂನು ಕೊಡಲಾರದು.

ಆ ವಿದ್ಯೆಯನ್ನು ಹಂಚಿದವರೂ ಇದ್ದಾರೆ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪೊ ಎಂಬ ಇಬ್ಬರು ಅಮೆರಿಕನ್ ತಂತ್ರಜ್ಞರು 2001ರಲ್ಲಿ ‘ಮೆಗಾಸ್ಕ್ವಿರ್ಟ್’ ಎಂಬ ಇಂಧನ ನಿಯಂತ್ರಕವನ್ನು ಹೊರತಂದರು. ಸಿದ್ಧ ಪೆಟ್ಟಿಗೆಯಾಗಿ ಅಲ್ಲ, ಬಿಡಿ ಭಾಗಗಳ ಕಿಟ್ಟಾಗಿ. ರೆಸಿಸ್ಟರು, ಕೆಪಾಸಿಟರು, ಒಂದು ಚಿಕ್ಕ ಎಂಟು ಬಿಟ್ಟಿನ ಚಿಪ್ಪು ಎಲ್ಲವನ್ನೂ ಕೊಂಡವನೇ ಹಲಗೆಯ ಮೇಲೆ ಬೆಸುಗೆ ಹಾಕಿಕೊಳ್ಳಬೇಕು. ಮಂಡಲದ ನಕ್ಷೆ ಮುಚ್ಚಿಡದೆ ಎದುರಿಗಿಟ್ಟಿದ್ದರು. ಬೆಲೆ ಸಿದ್ಧ ಪೆಟ್ಟಿಗೆಯ ಒಂದು ಭಾಗ ಮಾತ್ರ. ಮುಂದೆ ‘ಸ್ಪೀಡುಯಿನೊ’ ಎಂಬ ಇನ್ನೊಂದು ಯೋಜನೆ, ಶಾಲಾ ಮಕ್ಕಳೂ ಆಟಕ್ಕೆ ಬಳಸುವ ಆರ್ಡುಯಿನೊ ಹಲಗೆಯ ಮೇಲೇ ಎಂಜಿನ್ನು ನಡೆಸಿ ತೋರಿಸಿತು. ಅದರ ಪ್ರೋಗ್ರಾಮು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಗುಜರಿ ಎಂಜಿನ್ನಿನೊಂದಿಗೆ ಬಂದ ಕಂಪನಿಯ ಇ.ಸಿ.ಯು.ವನ್ನೇ ತಿದ್ದಿ ಬಳಸುವವರೂ ಬಹಳ ಮಂದಿ.

ಹಾಗೆಂದು ಇದು ಪುಕ್ಕಟೆ ದಾರಿಯಲ್ಲ. ಕೋಷ್ಟಕದಲ್ಲಿ ಅಂಕಿ ತಪ್ಪಿ ಪೆಟ್ರೋಲು ಕಡಿಮೆ ಬಿದ್ದರೆ, ಕಿಡಿ ಮುಂಚೆ ಹಾರಿದರೆ, ಒಳಗಿನ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನಿಗೆ ತೂತು ಬೀಳಬಹುದು. ಸಿದ್ಧ ಪೆಟ್ಟಿಗೆ ಕೊಂಡವನು ಹಣ ತೆರುತ್ತಾನೆ. ತಾನೇ ಮಾಡಿಕೊಂಡವನು ರಾತ್ರಿಗಳ ನಿದ್ದೆ ತೆರುತ್ತಾನೆ, ಒಂದೆರಡು ಎಂಜಿನ್ನನ್ನೂ ತೆತ್ತಾನು. ಆದರೆ ಎರಡನೆಯವನ ಕೈಯಲ್ಲಿ ಕೊನೆಗೆ ಉಳಿಯುವುದು ವಿದ್ಯೆ. ಎಲ್ ಮಿರಾಜ್ ಕೆರೆಯಂಗಳದ ಹುಡುಗರು ಸ್ಪ್ಯಾನರಿನಿಂದ ಕಲಿತದ್ದನ್ನು ಇವರು ಬೆಸುಗೆ ಕಡ್ಡಿಯಿಂದ ಕಲಿಯುತ್ತಿದ್ದಾರೆ, ಅಷ್ಟೆ.

ನಮ್ಮ ಬೀದಿಗೂ ಬಂದ ಪೆಟ್ಟಿಗೆ

ಹಾಟ್ ರಾಡ್ ಅಮೆರಿಕದ್ದಾದರೂ ಪೆಟ್ಟಿಗೆ ನಮ್ಮ ಬೀದಿಗೂ ಬಂದಿದೆ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಬಿ.ಎಸ್.-6 ಹೊಗೆ ನಿಯಮ ಜಾರಿಗೆ ಬಂತು. ಹೊಸ ಬೈಕು, ಸ್ಕೂಟರುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಟರು, ಆಮ್ಲಜನಕ ಸಂವೇದಕ, ಪುಟ್ಟ ಇ.ಸಿ.ಯು. ಬಂದವು. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಮೂವತ್ತು ವರ್ಷ ಕಿವಿಯಿಂದಲೇ ಟ್ಯೂನಿಂಗ್ ಮಾಡಿದ ಮೆಕ್ಯಾನಿಕ್ಕಿನ ಕೈಯಲ್ಲಿ ಸ್ಕ್ಯಾನರು ಇಲ್ಲದಿದ್ದರೆ ಗಾಡಿ ಅವನೊಡನೆ ಮಾತಾಡದು. ಅವನ ಕಷ್ಟವೂ ಕ್ಯಾಲಿಫೋರ್ನಿಯಾದ ಹವ್ಯಾಸಿಯ ಕಷ್ಟವೂ ಒಂದೇ ಬೇರಿನವು.

ವಿಪರ್ಯಾಸವೆಂದರೆ ಎಂಜಿನ್ನುಗಳ ಈ ಬುದ್ಧಿಯಲ್ಲಿ ಒಂದಿಷ್ಟು ಭಾಗ ಸಿದ್ಧವಾಗುವುದು ಬೆಂಗಳೂರಿನಲ್ಲೇ. ವಾಹನಗಳ ನಿಯಂತ್ರಣ ಪ್ರೋಗ್ರಾಮು ಬರೆಯುವ ಸಾವಿರಾರು ಎಂಜಿನಿಯರುಗಳು ಅಲ್ಲಿ ದುಡಿಯುತ್ತಾರೆ. ತಾವೇ ಕಟ್ಟಿದ ಕಾರನ್ನು ದೇಶದ ವಿದ್ಯಾರ್ಥಿ ಸ್ಪರ್ಧೆಗಳಿಗೆ ಒಯ್ಯುವ ಎಂಜಿನಿಯರಿಂಗ್ ಕಾಲೇಜು ತಂಡಗಳೂ ಕರ್ನಾಟಕದಲ್ಲಿವೆ. ಬೈಕಿನ ಎಂಜಿನ್ನಿಗೆ ಬೇರೆ ಇ.ಸಿ.ಯು. ಕೊಳ್ಳುವುದೋ, ತಾವೇ ಕಟ್ಟುವುದೋ ಎಂಬ ಪ್ರಶ್ನೆ ಅವರ ಎದುರಿಗೂ ಬರುತ್ತದೆ.

ತಂದೆತಾಯಿ ಹೆದರಬೇಕಿಲ್ಲ, ಮನೆಯ ಬೈಕು ಬಿಚ್ಚಲು ಮಕ್ಕಳನ್ನು ಬಿಡಿ ಎಂಬುದು ಇಲ್ಲಿನ ಸಲಹೆಯಲ್ಲ. ರಸ್ತೆಯ ಮೇಲೆ ಓಡುವ ವಾಹನವನ್ನು ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅದಕ್ಕೆ ಆಧಾರ. ಆದರೆ ಮೇಜಿನ ಮೇಲಿನ ಪ್ರಯೋಗಕ್ಕೆ ಯಾವ ಅಡ್ಡಿಯೂ ಇಲ್ಲ. ಗುಜರಿಯಿಂದ ಒಂದು ಹಳೆಯ ಕಾರ್ಬ್ಯುರೇಟರ್ ತಂದು, ಸೀಮೆಎಣ್ಣೆಯಲ್ಲಿ ಅಲ್ಲ, ಸಾಬೂನು ನೀರಿನಲ್ಲಿ ತೊಳೆದು, ಬಿಚ್ಚಿ, ಮತ್ತೆ ಜೋಡಿಸಿ ನೋಡಲಿ. ಒಂದು ಆರ್ಡುಯಿನೊ ಹಲಗೆ, ಒಂದು ಉಷ್ಣತೆಯ ಸಂವೇದಕ, ಒಂದು ಪುಟ್ಟ ದೀಪ ಇದ್ದರೆ, ಕಾವು ಏರಿದಂತೆ ದೀಪ ಮಿನುಗುವ ಅವಧಿ ಬದಲಾಗುವಂತೆ ನಾಲ್ಕು ಮನೆಗಳ ಕೋಷ್ಟಕ ಬರೆಯಲಿ. ನಡುವಿನ ಅಂಕಿಯನ್ನು ಗಣಕದಿಂದ ತೆಗೆಸಲಿ. ಇ.ಸಿ.ಯು.ವಿನ ಹೃದಯ ಅದೇ, ಉಳಿದದ್ದು ವಿಸ್ತಾರ.

ಗ್ಯಾರೇಜಿನ ಆ ಯಜಮಾನನ ಕಾಗದದ ಕಡೆಗೆ ಮತ್ತೊಮ್ಮೆ ನೋಡಿ. ಅಲ್ಲಿ ಅವನು ಕೂಡಿದ ಡಾಲರುಗಳಲ್ಲಿ ಲೋಹಕ್ಕೂ ಸಿಲಿಕಾನಿಗೂ ಹೋಗುವುದು ಚಿಕ್ಕ ಪಾಲು. ದೊಡ್ಡ ಪಾಲು ಹೋಗುವುದು ಯಾರೋ ಕೂತು ಕಲಿತ, ಅಳೆದ, ತಿದ್ದಿ ಬರೆದ ಅಂಕಿಗಳಿಗೆ. ಗೊತ್ತಿಲ್ಲದ್ದಕ್ಕೆ ತೆರುವ ಬೆಲೆ ವರ್ಷ ವರ್ಷವೂ ಏರುತ್ತದೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯಲ್ಲಿ ಆ ಮುಕ್ಕಾಲು ಸಿಗುವುದು ಬಿಚ್ಚಿ ನೋಡಿದ ಕೈಗೆ. ಮೂಗುತಿಯ ಭಾರ ಇಳಿಸಲು ಬೇರೆ ದಾರಿಯಿಲ್ಲ. ಅದನ್ನು ಮಾಡುವ ಕಸುಬನ್ನು ಮಕ್ಕಳು ಕಲಿಯಬೇಕು.